ಶುಗರ್ ಚೀಟಿಯಲ್ಲಿ ಇಲ್ಲದ ಒಂದು ಸಾಲು

ನಿಮ್ಮ ಮನೆಯಲ್ಲಿ ಯಾರಿಗಾದರೂ ಶುಗರ್ ಇದ್ದರೆ ಅವರ ಆಸ್ಪತ್ರೆ ಚೀಟಿ ತೆಗೆದು ನೋಡಿ. ಊಟಕ್ಕೆ ಮುಂಚಿನ ಶುಗರ್ ಬರೆದಿರುತ್ತಾರೆ, ಊಟದ ನಂತರದ್ದು ಬರೆದಿರುತ್ತಾರೆ, ಬಿಪಿ ಬರೆದಿರುತ್ತಾರೆ. ಟಿಎಸ್‌ಎಚ್ ಅಂತ ಒಂದು ಸಾಲು ಇದೆಯಾ? ಇದ್ದರೆ ನೀವು ಪುಣ್ಯವಂತರು. ಇಲ್ಲದಿದ್ದರೆ ಇದನ್ನು ಪೂರ್ತಿ ಓದಿ.

ಟಿಎಸ್‌ಎಚ್ ಒಂದು ಹಾರ್ಮೋನು. ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಗೆ 'ಕೆಲಸ ಮಾಡು' ಎಂದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಕಳಿಸುವ ಆದೇಶ ಅದು. ಥೈರಾಯ್ಡ್ ಮಂದವಾದಷ್ಟೂ ಆದೇಶ ಜೋರಾಗುತ್ತದೆ. ಹಾಗಾಗಿ ಟಿಎಸ್‌ಎಚ್ ಹೆಚ್ಚಿದೆ ಅಂದರೆ ಸಾಮಾನ್ಯವಾಗಿ ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದೆ ಅಂತ ಅರ್ಥ. ಹೆಚ್ಚಿನ ಲ್ಯಾಬ್‌ಗಳಲ್ಲಿ 0.4ರಿಂದ 4ರ ಆಸುಪಾಸು ಸರಿ ಎನ್ನುತ್ತಾರೆ.

ಶುಗರ್ ಇರುವವರಿಗೆ ಇದು ಯಾಕೆ ಬೇಕು? ಮೊದಲನೆಯದು, ಎರಡೂ ಕಾಯಿಲೆಗಳ ಮುಖ ಒಂದೇ ಥರ. ಸುಸ್ತು, ಮಲಬದ್ಧತೆ, ಒಣಗಿದ ಚರ್ಮ, ಮರೆವು. ಇದನ್ನೆಲ್ಲ ಹೇಳಿಕೊಂಡರೆ 'ಶುಗರ್ ಅಲ್ವೇನಮ್ಮ, ಹಂಗೇ ಇರುತ್ತೆ' ಅನ್ನೋ ಉತ್ತರ ಸಿಗುತ್ತದೆ. ಹೆಂಗಸರಿಗಂತೂ 'ವಯಸ್ಸಾಯ್ತಲ್ಲ' ಅನ್ನೋದೂ ಸೇರುತ್ತದೆ. ಥೈರಾಯ್ಡ್ ತೊಂದರೆ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು ಬರುವುದರಿಂದ ಈ ಉಡಾಫೆಯ ಪೆಟ್ಟು ಬೀಳುವುದೂ ಅವರಿಗೇ.

ಎರಡನೆಯದು ಇನ್ನೂ ಗಂಭೀರ. ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನೇ ಮಂದ ಥೈರಾಯ್ಡ್ ದಾರಿ ತಪ್ಪಿಸಬಹುದು. ಕೆಂಪು ರಕ್ತಕಣಗಳಿಗೆ ಎಷ್ಟು ಸಕ್ಕರೆ ಅಂಟಿದೆ ಎಂದು ಆ ಪರೀಕ್ಷೆ ನೋಡುತ್ತದೆ. ಥೈರಾಯ್ಡ್ ಮಂದವಾದರೆ ಹೊಸ ಕಣಗಳ ಹುಟ್ಟು ನಿಧಾನವಾಗುತ್ತದೆ, ಹಳೇ ಕಣಗಳ ಪಾಲು ಹೆಚ್ಚುತ್ತದೆ. ಹಳೇ ಕಣಕ್ಕೆ ಸಕ್ಕರೆ ಹೆಚ್ಚು ಅಂಟಿರುತ್ತದೆ. ನಿಜವಾದ ಶುಗರ್ ಅಷ್ಟಿಲ್ಲದಿದ್ದರೂ ರಿಪೋರ್ಟ್ ಜಾಸ್ತಿ ತೋರಿಸಬಹುದು. ಅದನ್ನೇ ನಂಬಿ ಮಾತ್ರೆ ಏರಿಸಿದರೆ? ಅದರ ಮೇಲೆ, ಥೈರಾಯ್ಡ್ ಮಂದವಾದಾಗ ಇನ್ಸುಲಿನ್ ಮೈಯಿಂದ ನಿಧಾನವಾಗಿ ಖಾಲಿಯಾಗುತ್ತದೆ. ಇನ್ಸುಲಿನ್ ತಗೊಳ್ಳುವವರಿಗೆ ಶುಗರ್ ದಿಢೀರನೆ ಇಳಿದು ತಲೆ ಸುತ್ತಿ ಬೀಳುವ ಅಪಾಯ ಇದೆ. ಜೊತೆಗೆ ಕೊಲೆಸ್ಟ್ರಾಲ್ ಏರುತ್ತದೆ, ಅಂದರೆ ಶುಗರ್‌ನಿಂದ ಮೊದಲೇ ದಣಿದ ಹೃದಯದ ಮೇಲೆ ಇನ್ನೊಂದು ಹೊರೆ.

'ಅದೆಲ್ಲ ಅಪರೂಪ' ಎನ್ನುವವರಿಗೆ ಎರಡು ಲೆಕ್ಕ. 2023ರಲ್ಲಿ ಹೊರಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಶುಗರ್ ಇದೆ. ಬೆಂಗಳೂರೂ ಸೇರಿ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಶೇ 11ರಷ್ಟು ವಯಸ್ಕರಿಗೆ ಮಂದ ಥೈರಾಯ್ಡ್ ಇತ್ತು. ಅವರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಬ್ಬರಿಗೆ ತಮಗೆ ಕಾಯಿಲೆ ಇರುವುದೇ ಗೊತ್ತಿರಲಿಲ್ಲ. ಅದು ಲ್ಯಾಬ್‌ಗಳು ಬೀದಿಗೊಂದರಂತೆ ಇರುವ ಸಿಟಿಗಳ ಕಥೆ. ಟಿಎಸ್‌ಎಚ್ ಮಾಡಿಸಲು ಒಂದು ದಿನದ ಕೂಲಿ ಬಿಟ್ಟು ಬಸ್ ಹತ್ತಬೇಕಾದ ಹೋಬಳಿಗಳಲ್ಲಿ ಗೊತ್ತಿಲ್ಲದವರು ಎಷ್ಟಿರಬಹುದು, ನೀವೇ ಯೋಚಿಸಿ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 30 ದಾಟಿದವರಿಗೆ ಶುಗರ್, ಬಿಪಿ ಮತ್ತು ಮೂರು ಬಗೆಯ ಕ್ಯಾನ್ಸರ್ ತಪಾಸಣೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ಇದೆ. ಆಶಾ ಅಕ್ಕಂದಿರು ಮನೆ ಬಾಗಿಲಿಗೇ ಬರುತ್ತಾರೆ. ಆದರೆ ಆ ಐದರಲ್ಲಿ ಥೈರಾಯ್ಡ್ ಇಲ್ಲ. ಥೈರಾಯ್ಡ್ ಅಂದರೆ ಗಳಗಂಡ, ಗಳಗಂಡ ಅಂದರೆ ಅಯೋಡಿನ್ ಉಪ್ಪು, ಅಲ್ಲಿಗೆ ಮುಗಿಯಿತು ಎಂಬಂತಿದೆ. 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಅದು ಸರಿಯಾದ ಹೆಜ್ಜೆಯೇ. ಇವತ್ತು ಅಯೋಡಿನ್ ಉಪ್ಪು ತಿನ್ನುವ ಮನೆಗಳಲ್ಲೂ ಥೈರಾಯ್ಡ್ ಮಂದವಾಗುತ್ತಿದೆ. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಗ್ರಂಥಿಯ ಮೇಲೆ ತಿರುಗಿ ಬೀಳುವುದು ಇದಕ್ಕೆ ದೊಡ್ಡ ಕಾರಣ. ಅದಕ್ಕೆ ಉಪ್ಪು ಮದ್ದಲ್ಲ.

ಸರ್ಕಾರ ಬಿಟ್ಟ ಜಾಗಕ್ಕೆ ಪ್ಯಾಕೇಜ್ ಕ್ಯಾಂಪಿನವರು ಬಂದಿದ್ದಾರೆ. ದೇವಸ್ಥಾನದ ಮುಂದೆ ಶಾಮಿಯಾನ, 'ಇಡೀ ದೇಹ ತಪಾಸಣೆ', ಎಪ್ಪತ್ತೆಂಬತ್ತು ಪರೀಕ್ಷೆಯ ಪುಸ್ತಕದಂಥ ರಿಪೋರ್ಟ್. ಅದರಲ್ಲಿ ಟಿಎಸ್‌ಎಚ್ ಇದ್ದರೂ ಓದಿ ಹೇಳುವವರಿಲ್ಲ. ಮೊದಲ ಹೆಜ್ಜೆಗೆ ಬಹುತೇಕರಿಗೆ ಟಿಎಸ್‌ಎಚ್ ಒಂದೇ ಸಾಕು. ಅದು ಏರುಪೇರಾದರೆ ಮಾತ್ರ ಟಿ4 ನೋಡಬೇಕಾಗುತ್ತದೆ. ಕೆಲವು ನೂರು ರೂಪಾಯಿಯ ಕೆಲಸಕ್ಕೆ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುವುದು ಸೇವೆಯಲ್ಲ, ವ್ಯಾಪಾರ.

'ಎಲ್ಲ ಶುಗರ್ ರೋಗಿಗಳಿಗೂ ಪ್ರತಿ ವರ್ಷ ಟಿಎಸ್‌ಎಚ್ ಬೇಕೇ?' ಎಂದು ವೈದ್ಯರು ಕೇಳಬಹುದು. ಸರಿಯಾದ ಪ್ರಶ್ನೆಯೇ. ಚಿಕ್ಕ ವಯಸ್ಸಿನಲ್ಲೇ ಇನ್ಸುಲಿನ್ ಬೇಕಾಗುವ ಟೈಪ್ 1 ಇದ್ದವರಿಗೆ ಕಾಯಿಲೆ ಪತ್ತೆಯಾದ ಕೂಡಲೇ, ಆಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ನೋಡಬೇಕೆಂಬ ಮಾರ್ಗಸೂಚಿ ಇದೆ. ದೊಡ್ಡವರಿಗೆ ಬರುವ ಟೈಪ್ 2ಕ್ಕೆ ಅಷ್ಟು ಕಟ್ಟುನಿಟ್ಟು ಬೇಡ. ಶುಗರ್ ಪತ್ತೆಯಾದಾಗ ಒಮ್ಮೆ, ಆಮೇಲೆ ಲಕ್ಷಣ ಕಂಡಾಗ, ಕೊಲೆಸ್ಟ್ರಾಲ್ ಇಳಿಯದಿದ್ದಾಗ, ಮನೆಯ ರಿಪೋರ್ಟೂ ಎಚ್‌ಬಿಎ1ಸಿಯೂ ತಾಳೆಯಾಗದಿದ್ದಾಗ ನೋಡಿ. ನಾವು ಕೇಳುತ್ತಿರುವುದು ಇಷ್ಟೇ.

ಇದಕ್ಕೆ ಊರಿಗೊಂದು ಯಂತ್ರ ಬೇಡ. ಶುಗರ್‌ಗೆ ಬಂದವರಿಂದ ಅದೇ ಸಲ ಇನ್ನೊಂದು ಟ್ಯೂಬ್ ರಕ್ತ ತಗೊಂಡು ತಾಲ್ಲೂಕು ಅಥವಾ ಜಿಲ್ಲಾ ಲ್ಯಾಬಿಗೆ ಕಳಿಸಿ, ಫಲಿತಾಂಶವನ್ನು ಮುಂದಿನ ಭೇಟಿಯಲ್ಲಿ ಚೀಟಿಯ ಮೇಲೆ ಬರೆದರಾಯಿತು. ಕೊಡಬೇಕಾದ ಲೆವೊಥೈರಾಕ್ಸಿನ್ ಮಾತ್ರೆ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇದೆ, ದಿನಕ್ಕೆ ಒಂದೆರಡು ರೂಪಾಯಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಲ್ಲಿ ನುಂಗಿ ಕಾಫಿ, ಟೀ, ತಿಂಡಿಗೆ ಅರ್ಧದಿಂದ ಒಂದು ಗಂಟೆ ತಡೆಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಡೋಸ್ ಬದಲಾದರೆ ಆರರಿಂದ ಎಂಟು ವಾರದ ನಂತರ ಮತ್ತೆ ಟಿಎಸ್‌ಎಚ್. ಇದನ್ನು ಓದಿ ಶುಗರ್ ಮಾತ್ರೆಯನ್ನು ನೀವೇ ಕಡಿಮೆ ಮಾಡಬೇಡಿ, ಡಾಕ್ಟರ್ ಹತ್ತಿರವೇ ಕೇಳಿ.

ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಅದರಲ್ಲಿ ಊರಿನವರೂ ಇರುತ್ತಾರೆ. ಮುಂದಿನ ಸಭೆ ಯಾವಾಗ ಎಂದು ವಿಚಾರಿಸಿ. 'ನಮ್ಮ ಶುಗರ್ ರೋಗಿಗಳ ಟಿಎಸ್‌ಎಚ್ ಎಲ್ಲಿ ಮಾಡಿಸುತ್ತೀರಿ?' ಎಂದು ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತದೆ, ಕಾಗದದಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.