ಮೇಕೆಗಳ ವಿಷಯ ಬಿಡಿ, ಸಂಬಳ ಯಾರಿಗೆ ಎಂದು ಕೇಳಿ



‘ಸೆವೆರೆನ್ಸ್’ ಎಂಬ ಅಮೆರಿಕದ ಟಿವಿ ಸರಣಿಯ ಬಗ್ಗೆ ಅಭಿಮಾನಿಗಳು ಕಟ್ಟಿರುವ ಊಹೆಗಳನ್ನೆಲ್ಲ ಒಟ್ಟು ಮಾಡಿದರೆ ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕಕ್ಕಿಂತ ದಪ್ಪವಾದ ಪುಸ್ತಕವೇ ಆಗುತ್ತದೆ. ನಾನೂ ಅವನ್ನು ಆಸೆಯಿಂದ ಓದುವವನು. ಆದರೂ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಇವುಗಳಲ್ಲಿ ಹೆಚ್ಚಿನವು ‘ಆ ಕಂಪನಿ ಒಳಗೆ ಏನು ಮಾಡುತ್ತಿದೆ?’ ಎಂದು ಕೇಳುತ್ತವೆ. ಕೇಳಬೇಕಾದದ್ದು ‘ಅಲ್ಲಿ ಒಪ್ಪಿದವರು ಯಾರು, ದುಡಿಯುತ್ತಿರುವವರು ಯಾರು?’ ಎಂದು. ಸರಣಿಯನ್ನು ಇನ್ನೂ ನೋಡದವರಿಗೆ ಒಂದು ಎಚ್ಚರಿಕೆ: ಕಥೆಯ ಗುಟ್ಟುಗಳು ಮುಂದೆ ಇವೆ.

ಮೊದಲು ಕಥೆ. ಲ್ಯೂಮನ್ ಎಂಬ ಕಂಪನಿ ತನ್ನ ಕೆಲವು ನೌಕರರ ಮಿದುಳಿನಲ್ಲಿ ಒಂದು ಚಿಪ್ ಇಡುತ್ತದೆ. ಲಿಫ್ಟ್‌ನಲ್ಲಿ ಕೆಳಗೆ ಇಳಿದ ಕೂಡಲೇ ಹೊರಗಿನ ಬದುಕು ಪೂರ್ತಿ ಮರೆತುಹೋಗುತ್ತದೆ. ಸಂಜೆ ಮೇಲೆ ಬಂದರೆ ಆಫೀಸು ಮರೆತುಹೋಗುತ್ತದೆ. ಹೀಗೆ ಒಂದೇ ದೇಹದಲ್ಲಿ ಇಬ್ಬರು. ಒಳಗಿನವನಿಗೆ ‘ಇನ್ನಿ’, ಹೊರಗಿನವನಿಗೆ ‘ಔಟಿ’ ಎಂದು ಹೆಸರು. ಇನ್ನಿಗೆ ನಿದ್ದೆಯಿಲ್ಲ, ಭಾನುವಾರವಿಲ್ಲ. ಲಿಫ್ಟ್‌ನ ಬಾಗಿಲು ಮುಚ್ಚಿ ತೆರೆದರೆ ಮತ್ತೆ ಆಫೀಸು. ಬರೆದವರು ಡ್ಯಾನ್ ಎರಿಕ್ಸನ್, ಹೆಚ್ಚಿನ ಕಂತುಗಳ ನಿರ್ದೇಶನ ಬೆನ್ ಸ್ಟಿಲ್ಲರ್ ಅವರದು. ಮೊದಲ ಸೀಸನ್ 2022ರ ಫೆಬ್ರವರಿಯಲ್ಲಿ ಬಂತು, ಎರಡನೆಯದು 2025ರ ಜನವರಿಯಲ್ಲಿ. ನಡುವೆ 2023ರಲ್ಲಿ ಹಾಲಿವುಡ್‌ನ ಬರಹಗಾರರು ಮುಷ್ಕರ ಹೂಡಿದಾಗ ಇದರ ಚಿತ್ರೀಕರಣವೂ ನಿಂತಿತ್ತು. ದುಡಿಮೆಯ ಕಥೆ ದುಡಿಯುವವರ ಮುಷ್ಕರದಿಂದಲೇ ತಡವಾಯಿತು!

ಸುಮಾರು ಮೂರು ವರ್ಷದ ಆ ಬಿಡುವಿನಲ್ಲಿ ಊಹೆಗಳು ಬೆಳೆದವು. ಆಫೀಸಿನ ಒಂದು ಕೋಣೆಯಲ್ಲಿ ಮೇಕೆಮರಿಗಳಿದ್ದವು, ಹಾಗಾದರೆ ಕಂಪನಿ ಪ್ರಾಣಿಗಳ ತದ್ರೂಪು ಮಾಡುತ್ತಿದೆ ಎಂದರು ಕೆಲವರು. ಸತ್ತುಹೋದ ಸಂಸ್ಥಾಪಕ ಕೀರ್ ಈಗನ್‌ನನ್ನು ಮತ್ತೆ ಬದುಕಿಸುವ ಯೋಜನೆ ಇದು ಎಂದರು ಇನ್ನು ಕೆಲವರು. ಅಲ್ಲಿರುವವರೆಲ್ಲ ಸತ್ತವರೇ, ಅದು ನರಕ ಎಂದವರೂ ಇದ್ದರು. ಎರಡನೇ ಸೀಸನ್‌ನ ಕೊನೆಯಲ್ಲಿ ಮೇಕೆಯ ವಿಷಯ ತಿಳಿಯಿತು: ಅದು ಬಲಿಗಾಗಿ ಸಾಕಿದ ಪ್ರಾಣಿ.

ಆದರೆ ನಿಜವಾದ ಊಹೆಗಳೂ ಇವೆ. ಎರಡನೇ ಸೀಸನ್‌ನ ಆರಂಭದಲ್ಲಿ ಆಫೀಸಿಗೆ ಮರಳಿದ ಹೆಲಿ ಹೊರಗೆ ತಾನು ಕಂಡದ್ದನ್ನು ಹೇಳುವಾಗ ‘ರಾತ್ರಿ ಕೆಲಸ ಮಾಡುವ ಮಾಲಿ’ಯ ಕಥೆ ಹೇಳುತ್ತಾಳೆ. ರಾತ್ರಿ ತೋಟದ ಕೆಲಸ ಯಾರು ಮಾಡುತ್ತಾರೆ? ಇವಳು ಹೆಲಿಯಲ್ಲ, ಅವಳ ಔಟಿ ಹೆಲೆನಾ ಈಗನ್, ಮಾಲೀಕರ ಮಗಳು ಎಂದು ಅನೇಕ ವೀಕ್ಷಕರು ಆಗಲೇ ಹೇಳಿದರು. ನಾಲ್ಕನೇ ಕಂತಿನಲ್ಲಿ ಅದು ನಿಜವಾಯಿತು. ಕಥೆಯೊಳಗೆ ಅದನ್ನು ಪತ್ತೆ ಮಾಡಿದವನು ಸಹೋದ್ಯೋಗಿ ಅರ್ವಿಂಗ್. ಅವನು ಗೋಡೆಯ ಮೇಲಿನ ಚಿತ್ರಗಳನ್ನು ಎಣಿಸಲಿಲ್ಲ. ಪಕ್ಕದಲ್ಲಿ ಕುಳಿತವಳ ಮಾತು, ನಡತೆಯನ್ನು ಗಮನಿಸಿದ. ವಸ್ತುವನ್ನು ನೋಡಿ ಕಟ್ಟಿದ ಊಹೆಗಿಂತ ಮನುಷ್ಯರನ್ನು ನೋಡಿ ಕಟ್ಟಿದ ಊಹೆ ಮೇಲು ಎಂಬುದಕ್ಕೆ ಇದೇ ಸಾಕ್ಷಿ.

ಮನೆಯಲ್ಲಿ ನಾನು ಇದನ್ನು ನೋಡುತ್ತಿದ್ದಾಗ ಅಮ್ಮಿ ಕಥೆ ಏನೆಂದು ಕೇಳಿದರು. ಹೇಳಿದೆ. ಅವರು ಮೇಕೆಯ ಬಗ್ಗೆಯಾಗಲಿ ಚಿಪ್ಪಿನ ಬಗ್ಗೆಯಾಗಲಿ ಕೇಳಲಿಲ್ಲ. ‘ತನ್‌ಖಾ ಕಿಸ್ಕು ಮಿಲ್ತಿ?’ ಎಂದರು. ಸಂಬಳ ಯಾರ ಕೈಗೆ ಸಿಗುತ್ತದೆ ಎಂದು. ನಾನು ಓದಿದ ಯಾವ ಊಹೆಗಿಂತಲೂ ಅದು ಒಳ್ಳೆಯ ಪ್ರಶ್ನೆ.

ಉತ್ತರ ನೋಡಿ. ಸಂಬಳ ಔಟಿಗೆ. ಮನೆ, ಕಾರು, ಊಟ, ನಿದ್ದೆ ಎಲ್ಲವೂ ಔಟಿಗೆ. ದುಡಿದ ಇನ್ನಿಗೆ ಸಿಗುವುದು ಬೆರಳಿಗೆ ಹಾಕುವ ಒಂದು ಆಟಿಕೆ, ಕತ್ತರಿಸಿದ ಕಲ್ಲಂಗಡಿ, ತುಂಬ ಚೆನ್ನಾಗಿ ದುಡಿದರೆ ಒಂದು ದೋಸೆಯಂಥ ತಿಂಡಿಯ ಪಾರ್ಟಿ. ಪ್ರಥಮ ಪಿಯುಸಿಯ ಅಕೌಂಟೆನ್ಸಿಯಲ್ಲಿ ನಾವು ಕಲಿಯುವ ಮೊದಲ ಪಾಠಗಳಲ್ಲೊಂದು ‘ಬಿಸಿನೆಸ್ ಎಂಟಿಟಿ’: ಮಾಲೀಕ ಬೇರೆ, ವ್ಯವಹಾರ ಬೇರೆ, ಲೆಕ್ಕ ಬೆರೆಸಬಾರದು. ಲ್ಯೂಮನ್ ಇದೇ ಗೆರೆಯನ್ನು ಮನುಷ್ಯನ ತಲೆಯೊಳಗೆ ಎಳೆದಿದೆ. ಡೆಬಿಟ್ ಎಲ್ಲ ಒಬ್ಬನಿಗೆ, ಕ್ರೆಡಿಟ್ ಎಲ್ಲ ಇನ್ನೊಬ್ಬನಿಗೆ.

ಇನ್ನು ಒಪ್ಪಿಗೆ. ‘ಅವರೇ ಸಹಿ ಹಾಕಿದ್ದಾರಲ್ಲ’ ಎನ್ನುವವರಿದ್ದಾರೆ. ಹೆಲಿ ರಾಜೀನಾಮೆ ಕೇಳಿದಾಗ ಅವಳ ಔಟಿ ವಿಡಿಯೊ ಕಳುಹಿಸಿ, ನಾನು ಮನುಷ್ಯಳು, ನೀನಲ್ಲ ಎಂಬ ಅರ್ಥದ ಉತ್ತರ ಕೊಡುತ್ತಾಳೆ. ನಮ್ಮ ದೇಶದ 1872ರ ಕರಾರು ಕಾಯ್ದೆ, ಇಬ್ಬರೂ ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ ಎನ್ನುತ್ತದೆ. ಹದಿನೆಂಟು ತುಂಬದವರ ಕರಾರು ನಿಲ್ಲುವುದಿಲ್ಲ ಎಂದೂ ನಾವು ಓದುತ್ತೇವೆ. ನನಗೆ ಹದಿನೇಳು. ಹಾಗಾಗಿ ನನ್ನ ಸಹಿಗೆ ಬೆಲೆಯಿಲ್ಲ. ಮೊದಲ ಕಂತಿನಲ್ಲಿ ಹೆಲಿ ಮೇಜಿನ ಮೇಲೆ ಕಣ್ಣು ತೆರೆದಾಗ ಅವಳ ವಯಸ್ಸು ಹತ್ತು ನಿಮಿಷವೂ ಇಲ್ಲ. ತನ್ನ ಹೆಸರೂ ಅವಳಿಗೆ ಗೊತ್ತಿಲ್ಲ. ಅವಳು ಯಾವ ಕಾಗದಕ್ಕೆ ಒಪ್ಪಿದಳು?

ಅದು ಬರೀ ಕಲ್ಪನೆ ಎಂದು ನೀವು ಹೇಳಬಹುದು. ಇನ್ನಿಗಳು ಕಂಪ್ಯೂಟರಿನಲ್ಲಿ ಅಂಕಿಗಳನ್ನು ವಿಂಗಡಿಸುತ್ತಾರೆ. ಯಾವ ಅಂಕಿ ಭಯ ಹುಟ್ಟಿಸುತ್ತದೋ ಅದನ್ನು ಹಿಡಿದು ಡಬ್ಬಿಗೆ ಹಾಕಬೇಕು. ಯಾಕೆ ಎಂದು ಯಾರೂ ಹೇಳುವುದಿಲ್ಲ. ಮಾರ್ಕ್ ತಾನು ವಿಂಗಡಿಸುವ ಅಂಕಿಗಳಿಂದ ತನ್ನ ಹೆಂಡತಿ ಜೆಮ್ಮಾಳ ತಲೆಯಲ್ಲೇ ಹೊಸ ಹೊಸ ಇನ್ನಿಗಳು ಹುಟ್ಟುತ್ತಿದ್ದಾರೆ ಎಂದು ಕೊನೆಯಲ್ಲಿ ತಿಳಿಯುತ್ತಾನೆ. ಆಕೆ ಒಂದು ಕೋಣೆಯಲ್ಲಿ ಸದಾ ಹಲ್ಲಿನ ವೈದ್ಯರ ಕುರ್ಚಿಯಲ್ಲಿ, ಇನ್ನೊಂದರಲ್ಲಿ ಸದಾ ಧನ್ಯವಾದದ ಪತ್ರ ಬರೆಯುತ್ತಾ. ನೋವು, ಬೇಸರಗಳನ್ನು ಬೇರೆ ಯಾರಿಗೋ ದಾಟಿಸುವ ವ್ಯವಸ್ಥೆ ಇದು.

ಇದು ಕಲ್ಪನೆಯೇ. ಆದರೆ ಯೋಚಿಸುವ ಕೆಲಸ ಬೇರೆಯವರಿಗೆ, ಮಾಡುವ ಕೆಲಸ ಬೇರೆಯವರಿಗೆ ಎಂದು 1911ರ ತನ್ನ ಪುಸ್ತಕದಲ್ಲಿ ಹೇಳಿದ ಟೇಲರ್‌ನನ್ನು ನಾವು ದ್ವಿತೀಯ ಪಿಯುಸಿಯಲ್ಲಿ ಅಂಕಕ್ಕಾಗಿ ಓದುತ್ತೇವೆ. ನನ್ನ ಖಾಲಾ ಒಂದು ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷದಿಂದ ಕಾಲರ್ ಮಾತ್ರ ಹೊಲಿಯುತ್ತಾರೆ. ಪೂರ್ತಿ ಅಂಗಿ ಯಾವ ಊರಿನ ಅಂಗಡಿ ಸೇರುತ್ತದೆಂದು ಅವರಿಗೆ ಯಾರೂ ಹೇಳಿಲ್ಲ. ಅವರಿಗೆ ಚಿಪ್ ಹಾಕಿಲ್ಲ ಅಷ್ಟೆ. ಮನೆಗೆ ಬಂದಾಗ ಭುಜದ ನೋವೂ ಜೊತೆಗೆ ಬರುತ್ತದೆ.

ಎರಡನೇ ಸೀಸನ್‌ನ ಕೊನೆಯಲ್ಲಿ ಇನ್ನಿ ಮಾರ್ಕ್ ಜೆಮ್ಮಾಳನ್ನು ಬಾಗಿಲು ದಾಟಿಸುತ್ತಾನೆ. ತಾನು ಮಾತ್ರ ಹೊರಗೆ ಹೋಗದೆ ಹೆಲಿಯ ಕೈ ಹಿಡಿದು ಒಳಗೇ ಓಡುತ್ತಾನೆ. ಅಲ್ಲಿದ್ದವಳು ಹೆಲಿಯಲ್ಲ, ಮತ್ತೆ ಹೆಲೆನಾ, ಇದೂ ಮೋಸ ಎಂದು ಕೆಲವರು ಊಹಿಸಿದರು. ನಾನು ಒಪ್ಪುವುದಿಲ್ಲ. ಇಷ್ಟು ದಿನ ಯಾರದೋ ನಿರ್ಧಾರಕ್ಕೆ ದುಡಿದವನು ಮೊದಲ ಸಲ ತನಗಾಗಿ ನಿರ್ಧರಿಸಿದ. ಅದರಲ್ಲೂ ತಂತ್ರ ಹುಡುಕಿದರೆ, ಇನ್ನಿಗೆ ಸ್ವಂತ ಮನಸ್ಸಿಲ್ಲ ಎಂಬ ಲ್ಯೂಮನ್‌ನ ಮಾತನ್ನೇ ನಾವೂ ಹೇಳಿದಂತಾಗುತ್ತದೆ.

ಊಹೆ ಕಟ್ಟಿ, ಚರ್ಚಿಸಿ, ಕ್ಯಾಂಟೀನಿನಲ್ಲಿ ಜಗಳವಾಡಿ. ನಾಳೆ ನಾವೆಲ್ಲ ಯಾವುದಾದರೂ ಆಫೀಸಿನ ಲಿಫ್ಟ್ ಹತ್ತುವವರೇ. ಆಗ ಕೈಗೆ ಬರುವ ಕಾಗದದಲ್ಲಿ ಏನಿದೆ, ದುಡಿಮೆ ಯಾರದು, ಫಲ ಯಾರಿಗೆ ಎಂದು ಕೇಳುವ ಅಭ್ಯಾಸ ಈ ಸರಣಿಯಿಂದಲೇ ಶುರುವಾದರೂ ಒಳ್ಳೆಯದೇ.