ಕೃತಜ್ಞತೆಗೆ ಕಟ್ಟುಕಥೆ ಏಕೆ?

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದ ಕನ್ನಡಿಗರ ಮನೆಗಳಲ್ಲೂ ಥ್ಯಾಂಕ್ಸ್‌ಗಿವಿಂಗ್ ಊಟ ನಡೆಯುತ್ತದೆ. ನೆಂಟರಿಷ್ಟರು ಕೂಡಿ ಉಣ್ಣುವುದರಲ್ಲಿ ತಪ್ಪೇನೂ ಇಲ್ಲ. ಪ್ರಶ್ನಿಸಬೇಕಾದದ್ದು ಊಟದೊಡನೆ ಮಕ್ಕಳಿಗೆ ಬಡಿಸುವ ಕಥೆಯನ್ನು: ಹಸಿದು ಬಂದ ವಲಸಿಗರನ್ನು ಮೂಲನಿವಾಸಿಗಳು ಆದರಿಸಿದರು, ಎಲ್ಲರೂ ಸಹಪಂಕ್ತಿಯಲ್ಲಿ ಉಂಡರು, ಹಬ್ಬ ಹುಟ್ಟಿತು.

1621ರಲ್ಲಿ ಪ್ಲಿಮತ್‌ನಲ್ಲಿ ಮೂರು ದಿನಗಳ ಸುಗ್ಗಿಯೂಟ ನಡೆದದ್ದು ನಿಜ. ನಾಯಕ ಮ್ಯಾಸಸೋಯಿಟ್‌ನೊಡನೆ ಸುಮಾರು 90 ವಾಂಪನೋಗ್ ಜನ ಬಂದರು, ಐದು ಜಿಂಕೆಗಳನ್ನು ತಂದರು. ಅದನ್ನು ವರ್ಣಿಸಿದ ಎಡ್ವರ್ಡ್ ವಿನ್ಸ್‌ಲೋನ ಪತ್ರದಲ್ಲಿ ಟರ್ಕಿ ಕೋಳಿಯ ಹೆಸರಿಲ್ಲ. ಅದನ್ನು ಥ್ಯಾಂಕ್ಸ್‌ಗಿವಿಂಗ್ ಎಂದೂ ಅವನು ಕರೆದಿಲ್ಲ. 1863ರಲ್ಲಿ, ಅಂತರ್ಯುದ್ಧದ ನಡುವೆ, ಲಿಂಕನ್ ಈ ಆಚರಣೆಗೆ ಕರೆಕೊಟ್ಟ ಘೋಷಣೆಯಲ್ಲಿಯೂ ಪ್ಲಿಮತ್ತಿನ ಪ್ರಸ್ತಾಪವಿಲ್ಲ.

ಕಥೆ ಮುಚ್ಚಿಡುವ ಸಂಗತಿಗಳು ಇನ್ನೂ ಘೋರ. ವಲಸಿಗರಿಗೆ ಮೆಕ್ಕೆಜೋಳದ ಬೇಸಾಯ ಕಲಿಸಿದ ಟಿಸ್ಕ್ವಾಂಟಂನನ್ನು 1614ರಲ್ಲಿ ಇಂಗ್ಲಿಷ್ ಕಪ್ತಾನನೊಬ್ಬ ಅಪಹರಿಸಿ ಸ್ಪೇನಿಗೆ ಒಯ್ದು ಮಾರಿದ್ದ. ಅವನು ಲಂಡನ್ ಸೇರಿ, 1619ರಲ್ಲಿ ತಾಯ್ನೆಲಕ್ಕೆ ಮರಳಿದಾಗ ಅವನ ಹಳ್ಳಿ ಪಟುಕ್ಸೆಟ್ ಸಾಂಕ್ರಾಮಿಕಕ್ಕೆ ತುತ್ತಾಗಿ ಬರಿದಾಗಿತ್ತು. ಪ್ಲಿಮತ್ ತಲೆಯೆತ್ತಿದ್ದು ಆ ಹಾಳೂರಿನ ಮೇಲೆ. 1675ರಲ್ಲಿ ಮ್ಯಾಸಸೋಯಿಟ್‌ನ ಮಗ ಮೆಟಾಕಮ್ ವಸಾಹತುಗಾರರ ವಿರುದ್ಧ ಯುದ್ಧಕ್ಕಿಳಿದ. ಮರುವರ್ಷ ಅವನ ತಲೆಯನ್ನು ಅದೇ ಪ್ಲಿಮತ್ತಿನಲ್ಲಿ ಕಂಬಕ್ಕೇರಿಸಲಾಯಿತು.

ನಮಗೆ ಈ ಕಥೆ ಹಿತವೆನಿಸುವುದಕ್ಕೆ ಕಾರಣವಿದೆ. ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುವವರಿಗೆ, ಬಂದವರನ್ನು ಈ ನೆಲ ಕೈಹಿಡಿದು ಕರೆದುಕೊಂಡಿತೆಂಬ ಮಾತು ನೆಮ್ಮದಿ ಕೊಡುತ್ತದೆ. ಆದರೆ ಆ ನೆಲದ ಮೂಲನಿವಾಸಿಗಳೆಲ್ಲರಿಗೂ ಪೌರತ್ವ ದೊರೆತದ್ದು 1924ರಲ್ಲಿ, ಲಿಂಕನ್ ಘೋಷಣೆಯ 61 ವರ್ಷಗಳ ತರುವಾಯ! ಕರ್ನಾಟಕದ ಪಠ್ಯಪುಸ್ತಕಗಳಲ್ಲಿ ಚರಿತ್ರೆಯನ್ನು ತಿರುಚಿದರೆ ಇಲ್ಲಿಂದಲೇ ದನಿಯೆತ್ತುವ ನಾವು, ನಮ್ಮ ಮಕ್ಕಳು ಶಾಲೆಯಲ್ಲಿ ಕಾಗದದ ಗರಿ ಮುಡಿದು ಆಡುವ ನಾಟಕಕ್ಕೆ ಚಪ್ಪಾಳೆ ತಟ್ಟಿ ಬರುವುದು ಯಾವ ನ್ಯಾಯ?

1970ರಲ್ಲಿ, ವಲಸಿಗರು ಬಂದಿಳಿದ 350ನೆಯ ವರ್ಷದ ಸಮಾರಂಭಕ್ಕೆ ವಾಂಪನೋಗ್ ಸಮುದಾಯದ ವಾಮ್ಸುಟ್ಟ ಫ್ರಾಂಕ್ ಜೇಮ್ಸ್ ಅವರನ್ನು ಕರೆದು, ಅವರು ಬರೆದ ಭಾಷಣವನ್ನು ನೋಡಿದ ಮೇಲೆ ಅದನ್ನು ಓದಗೊಡಲಿಲ್ಲ. ಅಂದಿನಿಂದ ಪ್ರತಿವರ್ಷ ಇದೇ ಗುರುವಾರ ಪ್ಲಿಮತ್ತಿನ ಕೋಲ್ಸ್ ಹಿಲ್‌ನಲ್ಲಿ ಮೂಲನಿವಾಸಿಗಳು ರಾಷ್ಟ್ರೀಯ ಶೋಕದಿನವನ್ನು ಆಚರಿಸುತ್ತಿದ್ದಾರೆ. ನಾವು ಹಬ್ಬವನ್ನು ಬಿಡಬೇಕಿಲ್ಲ. ಈ ಬಾರಿ ಎಲೆಯ ಮುಂದೆ ಕೂತ ಮಕ್ಕಳಿಗೆ ಟಿಸ್ಕ್ವಾಂಟಂ ಮರಳಿ ಬಂದಾಗ ಕಂಡ ಊರಿನ ಸಂಗತಿಯನ್ನೂ ಹೇಳೋಣ. ವಾಂಪನೋಗರು ಇಂದಿಗೂ ಮ್ಯಾಸಚೂಸೆಟ್ಸ್‌ನಲ್ಲಿ ಬಾಳುತ್ತಿದ್ದಾರೆಂಬುದನ್ನು ಮರೆಯದೆ ಹೇಳೋಣ.