ವೇಗದ ದಂಡ: ಟ್ರಿಪ್‌ಶೀಟ್ ಬರೆದವರೂ ಕಟ್ಟಲಿ

ಬಾಕಿ ಸಂಚಾರ ದಂಡಕ್ಕೆ ಅರ್ಧ ದರದ ರಿಯಾಯಿತಿ ಕೊಡುವುದು ರಾಜ್ಯ ಸರ್ಕಾರಕ್ಕೆ ಅಭ್ಯಾಸವೇ ಆಗಿಬಿಟ್ಟಿದೆ. 2023ರ ಫೆಬ್ರುವರಿಯಲ್ಲಿ ಕೊಟ್ಟಿತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಕೊಟ್ಟಿತು. ಅದಾಗಿ ಎರಡೂವರೆ ತಿಂಗಳು ತುಂಬುವ ಮೊದಲೇ ನವೆಂಬರ್ 21ರಿಂದ ಡಿಸೆಂಬರ್ 12ರವರೆಗೆ ಮತ್ತೊಮ್ಮೆ ಕೊಟ್ಟಿತು. ಪ್ರತಿ ಸಲವೂ ಎಷ್ಟು ಕೋಟಿ ವಸೂಲಾಯಿತು ಎಂಬ ಲೆಕ್ಕವೇ ಸುದ್ದಿಯಾಗುತ್ತದೆ. ಯಾರು ಕಟ್ಟಿದರು, ಕಟ್ಟಿದ ಮೇಲೆ ಅವರ ವಾಹನ ನಿಧಾನವಾಯಿತೇ ಎಂದು ಯಾರೂ ಕೇಳುವುದಿಲ್ಲ. ಒಂದು ಕುಟುಂಬಕ್ಕೆ ಒಂದು ಸ್ಕೂಟರ್ ಇದ್ದರೆ ಈ ರಿಯಾಯಿತಿ ಒಂದಿಷ್ಟು ಉಸಿರಾಡಲು ಬಿಡುತ್ತದೆ, ನಿಜ. ಹತ್ತಾರು ಕಾರು, ಟೆಂಪೊ ಇಟ್ಟುಕೊಂಡ ಕಂಪನಿಗೆ ಅದೇ ಸಗಟು ವ್ಯಾಪಾರ: ನೋಟಿಸುಗಳನ್ನು ಗುಡ್ಡೆ ಹಾಕಿಕೊಂಡು ಕೂತರೆ ಅರ್ಧ ಬೆಲೆಗೆ ಮುಗಿಯುತ್ತದೆ ಎಂಬ ಪಾಠವನ್ನು ಸರ್ಕಾರವೇ ಹೇಳಿಕೊಟ್ಟಿದೆ. ಆದ್ದರಿಂದ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಕಂಪನಿಯ ಹೆಸರಿನಲ್ಲಿ ಆರ್‌ಸಿ ಇರುವ ವಾಹನಕ್ಕೆ ವೇಗದ ದಂಡದಲ್ಲಿ ಒಂದು ರೂಪಾಯಿಯ ರಿಯಾಯಿತಿಯೂ ಇರಬಾರದು. ಅಂಥ ವಾಹನದ ಅತಿವೇಗಕ್ಕೆ ಚಾಲಕನ ಜೊತೆಗೆ, ಅವನ ಸಮಯ ನಿಗದಿ ಮಾಡಿದವರೂ ಉತ್ತರ ಕೊಡಬೇಕು. ಹೀಗೆ ಹೇಳಲು ಹೊಸ ಕಾನೂನು ಬೇಕಿಲ್ಲ. ಇರುವ ಕಾನೂನನ್ನು ಪೂರ್ತಿ ಓದಿದರೆ ಸಾಕು.

ಬೆಂಗಳೂರು–ಮೈಸೂರು ದಶಪಥದಲ್ಲಿ ಕ್ಯಾಮೆರಾ ಕಣ್ಣು ಬಿಟ್ಟ ಮೇಲೆ ಕಂಪನಿ ಕಾರಿನ ದಂಡದ ಜಗಳ ಮದ್ದೂರು, ಮಂಡ್ಯದ ಕಡೆ ಹೊಸದಲ್ಲ. ನೋಟಿಸ್ ಬರುವುದು ಕಂಪನಿಯ ಹೆಸರಿಗೆ, ಆಕ್ಸಿಲರೇಟರ್ ಒತ್ತಿದ್ದು ಚಾಲಕನ ಕಾಲು. ಹಾಗಾಗಿ ದಂಡ ಸಂಬಳದಲ್ಲಿ ಮುರಿದುಕೊಂಡರೆ ನ್ಯಾಯ ತೀರಿತು ಎಂಬುದು ಸಾಮಾನ್ಯ ವಾದ. ಈ ವಾದ ಎರಡು ಕಡೆ ಮುಗ್ಗರಿಸುತ್ತದೆ. ಮೊದಲನೆಯದು ಸಂಬಳದ ಕಾನೂನು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಮಾಲೀಕ ನೌಕರನಿಗೆ ಹಾಕುವ ದಂಡ ಆ ಅವಧಿಯ ಸಂಬಳದ ಶೇ 3ನ್ನು ಮೀರುವಂತಿಲ್ಲ. ತಿಂಗಳಿಗೆ ₹18,000 ಪಡೆಯುವ ಚಾಲಕನಿಗೆ ಅದು ₹540. ಕಾರಿನ ಅತಿವೇಗಕ್ಕೆ ಕನಿಷ್ಠ ದಂಡ ₹1,000. ದಂಡವಲ್ಲ, ಕಂಪನಿಗಾದ ನಷ್ಟ ಎಂದು ಬರೆದುಕೊಂಡು ಮುರಿಯಲು ಹೊರಟರೂ ಮೊದಲು ಅವನ ಮಾತು ಕೇಳಬೇಕು, ನಷ್ಟಕ್ಕೆ ಅವನ ನಿರ್ಲಕ್ಷ್ಯವೇ ನೇರ ಕಾರಣ ಎಂದು ತೋರಿಸಬೇಕು. ತಿಂಗಳ ಕೊನೆಗೆ ಒಂದು ಸಾಲು ಗೀಚಿ ಸಾವಿರ ಕಡಿಮೆ ಕೊಡುವ ಪದ್ಧತಿಗೆ ಕಾನೂನಿನ ಬಲ ಇಲ್ಲ. ಎರಡನೆಯದು, ಅದಕ್ಕಿಂತ ದೊಡ್ಡದು, ಮೋಟಾರು ವಾಹನ ಕಾಯ್ದೆಯೊಳಗೇ ಇದೆ. ಈ ಬಗ್ಗೆ ಬರೆಯುವವರು, ಮಾತನಾಡುವವರು ಎಲ್ಲರೂ ಅದನ್ನು ದಾಟಿಕೊಂಡು ಹೋಗುತ್ತಿರುವುದು ನನಗೆ ಅರ್ಥವಾಗದ ಸಂಗತಿ.

ಸೆಕ್ಷನ್ 183 ಎಂದರೆ ಎಲ್ಲರಿಗೂ ನೆನಪಾಗುವುದು ದಂಡದ ಮೊತ್ತ ಮಾತ್ರ. ಲಘು ವಾಹನಕ್ಕೆ ₹1,000ದಿಂದ ₹2,000, ದೊಡ್ಡ ವಾಹನಕ್ಕೆ ₹2,000ದಿಂದ ₹4,000. 2019ರ ತಿದ್ದುಪಡಿ ಈ ಮೊತ್ತವನ್ನು ಏರಿಸಿದ್ದು ದೊಡ್ಡ ಗದ್ದಲವಾಯಿತು. ಅದೇ ತಿದ್ದುಪಡಿ ಸದ್ದಿಲ್ಲದೆ ಇನ್ನೊಂದು ಕೆಲಸವನ್ನೂ ಮಾಡಿತು. ಅಲ್ಲಿಯವರೆಗೆ ಅತಿವೇಗವಾಗಿ ಓಡಿಸಿದವನಿಗೆ ಒಂದು ದರ, ತನ್ನ ನೌಕರನಿಂದ ಹಾಗೆ ಓಡಿಸಿದ ಮಾಲೀಕನಿಗೆ ಅದಕ್ಕಿಂತ ಕಡಿಮೆ ದರ ಇತ್ತು: ಮೊದಲ ಸಲಕ್ಕೆ ಚಾಲಕನಿಗೆ ₹400ರವರೆಗೆ, ಮಾಲೀಕನಿಗೆ ₹300ರವರೆಗೆ. ಸಂಸತ್ತು ಆ ಪ್ರತ್ಯೇಕ ಉಪ-ಸೆಕ್ಷನ್ ತೆಗೆದುಹಾಕಿತು. ಓಡಿಸಿದವನನ್ನೂ ಓಡಿಸಲು ಕಾರಣನಾದವನನ್ನೂ ಒಂದೇ ವಾಕ್ಯದಲ್ಲಿ ನಿಲ್ಲಿಸಿ ಇಬ್ಬರಿಗೂ ಒಂದೇ ದಂಡ ಎಂದಿತು. ಹಳೆಯದರಲ್ಲಿ ಅದು ಉಳಿಸಿಕೊಂಡದ್ದರಲ್ಲಿ ಒಂದು ನಾಲ್ಕನೆಯ ಉಪ-ಸೆಕ್ಷನ್. ಒಂದು ಪ್ರಯಾಣವನ್ನು ಇಷ್ಟು ಹೊತ್ತಿನಲ್ಲಿ ಮುಗಿಸಬೇಕು ಎಂದು ಯಾರಾದರೂ ವೇಳಾಪಟ್ಟಿ ಹೊರಡಿಸಿದ್ದರೆ ಅಥವಾ ಸೂಚನೆ ಕೊಟ್ಟಿದ್ದರೆ, ವೇಗದ ಮಿತಿ ಮೀರದೆ ಅಷ್ಟು ಹೊತ್ತಿನಲ್ಲಿ ಮುಗಿಸುವುದು ಸಾಧ್ಯವಿರಲಿಲ್ಲ ಎಂದು ನ್ಯಾಯಾಲಯಕ್ಕೆ ಕಂಡರೆ, ಆ ವೇಳಾಪಟ್ಟಿಯೇ ಅದನ್ನು ಹೊರಡಿಸಿದವರ ವಿರುದ್ಧ ಮೇಲ್ನೋಟದ ಸಾಕ್ಷ್ಯ. ಇದು ನಿನ್ನೆ ಮೊನ್ನೆ ಹುಟ್ಟಿದ ಮಾತೂ ಅಲ್ಲ. 1939ರ ಕಾಯ್ದೆಯಿಂದ ಬಂದದ್ದು, ಬ್ರಿಟನ್ನಿನ 1984ರ ರಸ್ತೆ ಸಂಚಾರ ನಿಯಂತ್ರಣ ಕಾಯ್ದೆಯಲ್ಲೂ ಇದರ ಜೋಡಿ ಇದೆ. ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಬಸ್ಸುಗಳು ಪೈಪೋಟಿಗೆ ಬಿದ್ದು ಓಡುತ್ತಿದ್ದ ಕಾಲಕ್ಕೆ ಸಲ್ಲುವ ಈ ಮಾತು, ಕಂಪನಿ ಗಾಡಿಗಳ ಈ ಕಾಲಕ್ಕೆ ಇನ್ನೂ ಚೆನ್ನಾಗಿ ಸಲ್ಲುತ್ತದೆ. ಅಂದಿನ ಸೂಚನೆ ಬಾಯಿಮಾತಿನದು. ಇಂದಿನದು ಟ್ರಿಪ್‌ಶೀಟ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ, ಆ್ಯಪ್‌ನ ಲಾಗ್‌ನಲ್ಲಿ ನಿಮಿಷದ ಸಮೇತ ದಾಖಲಾಗಿರುತ್ತದೆ.

ಈಗ ದಶಪಥದ ಅಂಕಿಗೆ ಬರೋಣ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಈ ರಸ್ತೆಯನ್ನು ಲೋಕಾರ್ಪಣೆ ಮಾಡಿದಾಗ ಮೂರು ಅಂಕಿಗಳು ಎಲ್ಲರ ಬಾಯಲ್ಲಿದ್ದವು: 118 ಕಿ.ಮೀ., ₹8,480 ಕೋಟಿ, 75 ನಿಮಿಷ. ಮೊದಲೆರಡರ ಬಗ್ಗೆ ಬೇಕಾದಷ್ಟು ಚರ್ಚೆ ಆಯಿತು. ಮೂರನೆಯದನ್ನು ಯಾರೂ ಭಾಗಿಸಿ ನೋಡಲಿಲ್ಲ. 118 ಕಿ.ಮೀ. ಅನ್ನು 75 ನಿಮಿಷದಲ್ಲಿ ಕ್ರಮಿಸಬೇಕಾದರೆ ಸರಾಸರಿ ವೇಗ ಗಂಟೆಗೆ 94.4 ಕಿ.ಮೀ. ಇಲ್ಲಿ ಕಾರಿಗಿರುವ ಗರಿಷ್ಠ ಮಿತಿ 100. ಎಂದರೆ ಕಣಿಮಿಣಿಕೆ, ಗಣಂಗೂರು ಟೋಲ್‌ಗಳು, ಮಳೆ, ಮುಂದೆ ಸಾಗುವ ಲಾರಿ, ಚಹಾ, ಶೌಚ ಎಲ್ಲ ಸೇರಿ ಉಳಿಯುವ ಅವಕಾಶ ನಾಲ್ಕು ನಿಮಿಷಕ್ಕೆ ತುಸು ಹೆಚ್ಚು. ಇಡೀ ದಾರಿಯಲ್ಲಿ ಐದು ನಿಮಿಷ ನಿಂತರೂ ಉಳಿದ 70 ನಿಮಿಷ 101ರ ವೇಗದಲ್ಲಿ ಓಡಿಸಬೇಕು, ಅಂದರೆ ಮಿತಿ ಮೀರಬೇಕು. ಹತ್ತು ನಿಮಿಷ ನಿಂತರೆ ಸುಮಾರು 109. ಸರಕು ವಾಹನಕ್ಕಂತೂ ಈ ಅಂಕಿ ಕನಸಿನಲ್ಲೂ ಸಲ್ಲದು. 2018ರ ಏಪ್ರಿಲ್‌ನ ಕೇಂದ್ರದ ಅಧಿಸೂಚನೆಯಂತೆ ಇಂಥ ಹೆದ್ದಾರಿಯಲ್ಲಿ ಅದರ ಗರಿಷ್ಠ ವೇಗ 80. ಎಲ್ಲೂ ನಿಲ್ಲದೆ ಹೋದರೂ 88 ನಿಮಿಷ ದಾಟುತ್ತದೆ. ಸರ್ಕಾರದ ಪ್ರಕಟಣೆ ಯಾವ ಚಾಲಕನಿಗೂ ಕೊಟ್ಟ ಆದೇಶವಲ್ಲ, ಅದನ್ನು ಸೆಕ್ಷನ್ 183ರ ಕೆಳಗೆ ತರಲಾಗದು ಎಂಬುದು ಸರಿ. ಆದರೆ ರಸ್ತೆಯ ಬಗ್ಗೆ ಜನರ ತಲೆಯಲ್ಲಿ ಕೂತಿರುವ ಅಂಕಿ ಅದೇ. ಅದನ್ನೇ ಆಧಾರ ಮಾಡಿಕೊಂಡು ಕಚೇರಿಯಲ್ಲಿ ಕೂತವರು ಬೆಂಗಳೂರಿನಲ್ಲಿ ಎಂಟಕ್ಕೆ ಹೊರಟ ಗಾಡಿ ಒಂಬತ್ತೂ ಕಾಲಿಗೆ ಮೈಸೂರಿನಲ್ಲಿರಲಿ ಎಂದು ಬರೆದುಕೊಟ್ಟ ಕ್ಷಣ, ಅದು ಪ್ರಕಟಣೆಯಾಗಿ ಉಳಿಯುವುದಿಲ್ಲ. ಸೂಚನೆಯಾಗುತ್ತದೆ. ನಾಲ್ಕನೆಯ ಉಪ-ಸೆಕ್ಷನ್ ಕೇಳುವುದು ಅದನ್ನೇ.

ಅತಿವೇಗದಿಂದ ಸಿಗುವುದಾದರೂ ಎಷ್ಟು? ಇಡೀ 118 ಕಿ.ಮೀ. ಅನ್ನು 100ರ ಬದಲು 120ರಲ್ಲಿ ಓಡಿಸಿದರೆ ಉಳಿಯುವುದು 12 ನಿಮಿಷಕ್ಕೂ ಕಡಿಮೆ. ಮದ್ದೂರಿನಿಂದ ಮಂಡ್ಯಕ್ಕೆ ಸುಮಾರು 20 ಕಿ.ಮೀ., ಅಲ್ಲಿ ಉಳಿಯುವುದು ಎರಡು ನಿಮಿಷ. ಆ ಎರಡು ನಿಮಿಷಕ್ಕಾಗಿ ಡಿಕ್ಕಿಯ ಹೊಡೆತದ ಶಕ್ತಿ ಶೇ 44ರಷ್ಟು ಏರುತ್ತದೆ. ಈ ರಸ್ತೆ ಜನರ ಜೀವ ತೆಗೆದ ಬಗೆ ಮಂಡ್ಯ ಜಿಲ್ಲೆಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಪೊಲೀಸರ ಲೆಕ್ಕದಲ್ಲಿ 2023ರಲ್ಲಿ ಸತ್ತವರು 188, 2024ರಲ್ಲಿ 50. ನಡುವೆ ಆದದ್ದೇನು? 2023ರ ಜುಲೈನಲ್ಲಿ ರಾಡಾರ್ ಗನ್ ಹಿಡಿದು ಪೊಲೀಸರು ನಿಂತರು, ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು, 2024ರಲ್ಲಿ ಸಂಚಾರ ನಿರ್ವಹಣಾ ವ್ಯವಸ್ಥೆಯ (ಐಟಿಎಂಎಸ್) ಕ್ಯಾಮೆರಾಗಳು ಬಂದವು. ವೇಗ ತಗ್ಗಿಸಿದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಇನ್ನು ವಾದ ಬೇಕಿಲ್ಲ. ಸುತ್ತಲಿನ ಊರುಗಳ ರೈತರು ತಮ್ಮ ಟ್ರ್ಯಾಕ್ಟರು, ಬೈಕುಗಳನ್ನು ಸರ್ವಿಸ್ ರಸ್ತೆಗೆ ಇಳಿಸಿಕೊಂಡು ಇದಕ್ಕೆ ತಮ್ಮ ಪಾಲು ಕೊಟ್ಟಾಗಿದೆ. ಇನ್ನು ಕೊಡಬೇಕಾದವರು ಗಾಡಿ ಕಳಿಸುವವರು.

ಕ್ಯಾಮೆರಾ ಒಂದರಿಂದಲೇ ಕೆಲಸ ಮುಗಿಯುವುದಿಲ್ಲ ಎನ್ನುವುದಕ್ಕೆ ಮಳವಳ್ಳಿ ಕಡೆಯ ರಸ್ತೆಗಳನ್ನು ನೋಡಬೇಕು. ಬೆಂಗಳೂರಿನಿಂದ ಹೊರಟು ಮದ್ದೂರಿನಲ್ಲಿ ದಶಪಥ ಬಿಟ್ಟು ಕೆ.ಎಂ.ದೊಡ್ಡಿ ಹಾದು ಮಳವಳ್ಳಿಗೆ ಹೋಗುವ ಗಾಡಿಯೊಂದನ್ನು ಊಹಿಸಿ. ಟ್ರಿಪ್‌ಶೀಟ್‌ನಲ್ಲಿ ಸಮಯ ಬಿಗಿಯಾಗಿಯೇ ಇದ್ದು, ಚಾಲಕ ಕ್ಯಾಮೆರಾಗೆ ಹೆದರಿ ಹೆದ್ದಾರಿಯಲ್ಲಿ 100 ದಾಟದೆ ಬಂದರೆ, ಕಳೆದ ನಿಮಿಷಗಳನ್ನು ಅವನು ತುಂಬಿಕೊಳ್ಳುವುದು ಎಲ್ಲಿ? ಕಬ್ಬು ಅರೆಯುವ ಕಾಲದಲ್ಲಿ ಎತ್ತಿನ ಗಾಡಿ, ಟ್ರ್ಯಾಕ್ಟರ್ ಸಾಲುಗಟ್ಟುವ, ಶಾಲೆ ಮಕ್ಕಳು ಅಡ್ಡ ದಾಟುವ, ಮಧ್ಯೆ ಡಿವೈಡರ್ ಇಲ್ಲದ ಊರೊಳಗಿನ ರಸ್ತೆಯಲ್ಲಿ. ದಶಪಥದ ಕ್ಯಾಮೆರಾಗೆ ಅದು ಕಾಣುವುದಿಲ್ಲ. ವೇಳೆ ಸಡಿಲಿಸದೆ ದಂಡ ಮಾತ್ರ ಬಿಗಿ ಮಾಡಿದರೆ ಅಪಾಯ ಒಂದು ರಸ್ತೆಯಿಂದ ಇನ್ನೊಂದಕ್ಕೆ ಸರಿಯುತ್ತದೆ, ಅಷ್ಟೆ. ಚಾಲಕನನ್ನು ಎಷ್ಟೇ ಶಿಕ್ಷಿಸಿದರೂ ಈ ಒತ್ತಡ ಹೋಗದು. ಅದು ಹೋಗುವುದು ಟ್ರಿಪ್‌ಶೀಟ್ ಬದಲಾದಾಗ.

ಇನ್ನೊಂದು ತೂತು ಇದಕ್ಕಿಂತ ಗಂಭೀರ. ಎರಡನೇ ಸಲ ಅತಿವೇಗದಲ್ಲಿ ಸಿಕ್ಕಿಬಿದ್ದರೆ ಡಿಎಲ್ ಜಪ್ತಿ ಮಾಡಬೇಕು ಎಂದು ಕಾಯ್ದೆ ಹೇಳುತ್ತದೆ. ದಂಡ ಕಟ್ಟಿ ರಾಜಿ ಮಾಡಿಕೊಂಡರೂ ಅದು ಹಿಂದಿನ ಅಪರಾಧವಾಗಿಯೇ ಲೆಕ್ಕಕ್ಕೆ ಬರುತ್ತದೆ ಎಂದೂ ಸೆಕ್ಷನ್ 200 ಸ್ಪಷ್ಟಪಡಿಸಿದೆ. ಆದರೆ ಕ್ಯಾಮೆರಾ ಓದುವುದು ನಂಬರ್ ಪ್ಲೇಟು. ನಂಬರ್ ಹಾಕಿ ದುಡ್ಡು ಕಟ್ಟಿದರೆ ಕೇಸು ಮುಗಿಯುತ್ತದೆ. ಕಂಪನಿಗೆ ಡಿಎಲ್ ಇಲ್ಲ, ಓಡಿಸಿದವನ ಡಿಎಲ್ ಕಡತಕ್ಕೆ ಬರುವುದಿಲ್ಲ. ಹಾಗಾಗಿ ಕಂಪನಿ ಕಾರಿಗೆ ಪ್ರತಿ ಸಲವೂ ಮೊದಲ ಸಲವೇ. 2025ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿಯವರ ಸರ್ಕಾರಿ ಕಾರಿನ ಮೇಲಿದ್ದ ಏಳು ಪ್ರಕರಣಗಳು, ಅವುಗಳಲ್ಲಿ ಒಂದು ಅತಿವೇಗದ್ದು, ಅರ್ಧ ದರದಲ್ಲಿ ₹2,500ಕ್ಕೆ ಇತ್ಯರ್ಥವಾದವು. ದುಡ್ಡು ಕಟ್ಟಿದ್ದು ಸರಿ. ಸಂಸ್ಥೆಯ ವಾಹನಗಳ ಅಪರಾಧ ಎಲ್ಲೆಡೆ ಕೊನೆಗೊಳ್ಳುವುದು ಹೀಗೆಯೇ: ಮೊತ್ತ ಸಂದಾಯ, ಕಡತ ಮುಕ್ತಾಯ. ಈ ತೂತು ಮುಚ್ಚಲು ಸೆಕ್ಷನ್ 133 ಇದೆ. ಕೇಳಿದಾಗ ಯಾರು ಓಡಿಸುತ್ತಿದ್ದರು, ಅವರ ಡಿಎಲ್ ಯಾವುದು ಎಂದು ಮಾಲೀಕ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ₹5,000ದವರೆಗೆ ದಂಡ. ಕೇಳುವ ಕೆಲಸವೊಂದೇ ಬಾಕಿ.

ಇದಕ್ಕೆ ಬರುವ ಆಕ್ಷೇಪಗಳು ಗೊತ್ತಿವೆ. ವಾಹನದೊಳಗೆ ಕೂತು ಓಡಿಸುವವನು ಚಾಲಕ, ಮಾಲೀಕ ಪ್ರತಿ ಗಾಡಿಯ ಹಿಂದೆ ಓಡಲಾಗುತ್ತದೆಯೇ ಎಂಬುದು ಮೊದಲನೆಯದು. ಹಿಂದೆ ಓಡುವುದು ಬೇಕಿಲ್ಲ, ಗಾಡಿಗೆ ಜಿಪಿಎಸ್ ಹಾಕಿಸಿರುತ್ತಾರೆ. ಡೀಸೆಲ್ ಎಷ್ಟು ಸುಟ್ಟಿತು, ಎಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಅದರಲ್ಲೇ ನೋಡಿ ಚಾಲಕನನ್ನು ವಿಚಾರಿಸುವ ಕಚೇರಿಗೆ, ಅದೇ ಪರದೆಯಲ್ಲಿ ಮೂಡುವ 125ರ ವೇಗ ಮಾತ್ರ ಕಾಣಲಿಲ್ಲ ಎಂದರೆ ನಂಬುವುದು ಹೇಗೆ? ಚಾಲಕ ತಾನೇ ಹುಮ್ಮಸ್ಸಿಗೆ ಓಡಿಸಿದರೂ ಮಾಲೀಕ ಹೊಣೆಯೇ ಎಂಬುದು ಎರಡನೆಯದು. ಅಲ್ಲ. ಮೇಲ್ನೋಟದ ಸಾಕ್ಷ್ಯ ಎಂದರೆ ಅಲ್ಲಗಳೆಯಬಹುದಾದ ಸಾಕ್ಷ್ಯ. ಬೆಂಗಳೂರು–ಮೈಸೂರಿಗೆ ಎರಡು ಗಂಟೆ ಕೊಟ್ಟ ಟ್ರಿಪ್‌ಶೀಟ್ ತೋರಿಸಿದ ಮಾಲೀಕನ ಮೇಲೆ ನಾಲ್ಕನೆಯ ಉಪ-ಸೆಕ್ಷನ್‌ಗೆ ಹಿಡಿತವೇ ಸಿಗುವುದಿಲ್ಲ, ಆಗ ಪೂರ್ತಿ ಹೊಣೆ ಚಾಲಕನದ್ದು. ನ್ಯಾಯವಾಗಿ ನಡೆದುಕೊಳ್ಳುವ ಕಂಪನಿಗೆ ಈ ಸೆಕ್ಷನ್ ರಕ್ಷಣೆಯೇ ಹೊರತು ಕಂಟಕವಲ್ಲ. ಲೀಸ್‌ಗೆ ತಂದ ಕಾರಿಗೆ ಮಾಲೀಕರು ಬೇರೆ ಎನ್ನುವ ನುಣುಚಿಕೆಗೂ ಜಾಗವಿಲ್ಲ. ಕರಾರಿನಂತೆ ವಾಹನ ಯಾರ ವಶದಲ್ಲಿದೆಯೋ ಅವರೇ ಮಾಲೀಕರು ಎಂದು ಸೆಕ್ಷನ್ 2(30) ಹೇಳಿಬಿಟ್ಟಿದೆ. ಕಂಪನಿ ಎಂಬ ಹೆಸರಿನ ಹಿಂದೆ ಅಡಗಿದರೆ ಸೆಕ್ಷನ್ 199 ವ್ಯವಹಾರದ ಉಸ್ತುವಾರಿ ಹೊತ್ತವರನ್ನೇ ಹೊಣೆ ಮಾಡುತ್ತದೆ. ಇಷ್ಟೆಲ್ಲ ಬಿಗಿ ಮಾಡಿದರೆ ಕೈಗಾರಿಕೆಗೆ ತೊಂದರೆ ಎನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ಹನ್ನೆರಡು ನಿಮಿಷ ತಡವಾದರೆ ಮುಳುಗುವ ಕೈಗಾರಿಕೆ ಮದ್ದೂರಿನ ಕೈಗಾರಿಕಾ ಪ್ರದೇಶಗಳಾದ ಗೆಜ್ಜಲಗೆರೆಯಲ್ಲೂ ಇಲ್ಲ, ಸೋಮನಹಳ್ಳಿಯಲ್ಲೂ ಇಲ್ಲ.

ಚಾಲಕರ ಪರವಾಗಿ ಮಾತನಾಡುವವರು ಎತ್ತುವ ಒಂದು ಪ್ರಶ್ನೆ ಮಾತ್ರ ನಿಜಕ್ಕೂ ಕಷ್ಟದ್ದು. ಸೆಕ್ಷನ್ 133ರಲ್ಲಿ ಹೆಸರು ಕೇಳಿದರೆ ಕಂಪನಿ ಮೊದಲು ಒಪ್ಪಿಸುವುದು ಚಾಲಕನನ್ನೇ. ಡಿಎಲ್ ಹೋದರೆ ಅವನ ಅನ್ನ ಹೋಯಿತು, ವೇಳಾಪಟ್ಟಿ ಬರೆದವರು ಆರಾಮಾಗಿರುತ್ತಾರೆ. ಈ ಭಯ ಸುಳ್ಳಲ್ಲ. 2024ರ ಆಗಸ್ಟ್‌ನಿಂದ 130 ದಾಟಿದರೆ ಎಫ್‌ಐಆರ್ ಎಂಬ ನಿಯಮವೂ ಬಂದ ಮೇಲೆ ಚಾಲಕನ ತಲೆ ಮೇಲಿನ ಕತ್ತಿ ಇನ್ನೂ ಹರಿತವಾಗಿದೆ. ಅದಕ್ಕೇ 133, 183 ಎರಡೂ ಸೆಕ್ಷನ್‌ಗಳು ಒಟ್ಟಿಗೇ ಹೋಗಬೇಕು. ಹೆಸರು ಕೇಳುವ ಪತ್ರದಲ್ಲೇ ಆ ದಿನದ ಟ್ರಿಪ್‌ಶೀಟನ್ನೂ ಕೇಳಬೇಕು, ಹೊರಟ ಸಮಯ, ತಲುಪಬೇಕಿದ್ದ ಸಮಯ, ಸೂಚನೆ ಕೊಟ್ಟವರ ಹೆಸರು ಸಮೇತ. ಎರಡು ಟೋಲ್‌ಗಳ ಫಾಸ್ಟ್ಯಾಗ್ ಸಮಯದ ಜೊತೆ ಹೋಲಿಸಿದರೆ ಸುಳ್ಳು ಟ್ರಿಪ್‌ಶೀಟ್ ನಿಲ್ಲುವುದಿಲ್ಲ. ಎಲ್ಲ ವಾಹನಗಳಿಗೂ ಒಂದೇ ದಿನ ಇದನ್ನು ಮಾಡಿ ಎಂದು ಯಾರೂ ಕೇಳುತ್ತಿಲ್ಲ. ಸಂಸ್ಥೆಗಳ ಹೆಸರಿನಲ್ಲಿದ್ದು, ಒಂದೇ ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಸಲ ವೇಗದ ನೋಟಿಸ್ ಪಡೆದ ವಾಹನಗಳ ಪಟ್ಟಿ ಐಟಿಎಂಎಸ್ ಕಂಪ್ಯೂಟರಿನಲ್ಲೇ ಸಿಗುತ್ತದೆ. ಮಂಡ್ಯ ಜಿಲ್ಲಾ ಪೊಲೀಸರು ಅಲ್ಲಿಂದ ಶುರು ಮಾಡಲಿ. ಮುಂದಿನ ಅರ್ಧ ದರದ ಆದೇಶಕ್ಕೆ ಸರ್ಕಾರ ಸಹಿ ಹಾಕುವ ಮೊದಲು ಆ ಪಟ್ಟಿಯನ್ನು ತರಿಸಿಕೊಂಡು ಅದರಲ್ಲಿರುವ ಪ್ರತಿ ವಾಹನವನ್ನೂ ರಿಯಾಯಿತಿಯಿಂದ ಹೊರಗಿಡಲಿ.